ತಪ್ಪು ಮರಕ್ಕೆ ಕಟ್ಟಿದ ಹೆಸರು: ಕಾಸರಗೋಡಿನ ಒಂದು ಸಸ್ಯತೋಟದ ಪ್ರಕರಣ

ಇದು ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆ–ಬದಿಯಡ್ಕ ಕಡೆಯ ಒಂದು ಸಣ್ಣ ಸಸ್ಯತೋಟದಲ್ಲಿ ನಡೆದದ್ದು. ತೋಟದ ಹೆಸರು, ಊರಿನ ಹೆಸರು, ಜನರ ಹೆಸರು ಯಾವುದೂ ಇಲ್ಲಿಲ್ಲ. ಗುರುತು ಸಿಗಬಾರದು ಅಂತ ಕೆಲವರ ಕಸುಬು, ವಯಸ್ಸು ಸ್ವಲ್ಪ ಬದಲಿಸಿದ್ದೇನೆ. ನಾನು ತೋಟದ ಸಮಿತಿಯವನಲ್ಲ. ಅಲ್ಲಿನ ನಡಿಗೆಗಳಿಗೆ ಹೋಗುತ್ತಿದ್ದವರಲ್ಲಿ ಒಬ್ಬ, ಆಮೇಲೆ ನಡೆದದ್ದನ್ನು ಬರೆದಿಡುವ ಕೆಲಸ ನನ್ನ ತಲೆಗೆ ಬಂತು. ಕಾಲೇಜಿನ ಔಷಧಿವನವೋ, ಪಂಚಾಯತಿನ ಉದ್ಯಾನವೋ ನಡೆಸುವವರು ಓದಿದರೆ ಒಂದೆರಡು ವಿಷಯ ಉಪಯೋಗಕ್ಕೆ ಬರಬಹುದು.

ತೋಟ ಮತ್ತು ಸುತ್ತಲಿನ ಊರು

ತೋಟ ಇರುವುದು ಒಂದು ಪದವಿನ, ಅಂದರೆ ಗುಡ್ಡದ ಮೇಲಿನ ಮಟ್ಟಸ ಬಯಲಿನ, ಅಂಚಿನಲ್ಲಿ. ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಬೋಳು ಜಾಗ, ನಡುವೆ ಮಳೆಗಾಲದಲ್ಲಿ ನೀರು ನಿಲ್ಲುವ ಒಂದು ಪಳ್ಳ. ಇಳಿಜಾರಿನಲ್ಲಿ ಮರಗಳು. ಅದಕ್ಕೂ ಕೆಳಗೆ ಊರವರ ಅಡಿಕೆ ತೋಟಗಳು. ನೀರು ಬರುವುದು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಹಳೆಯ ಸುರಂಗದಿಂದ. ಜಾಗ ಒಂದು ಶಿಕ್ಷಣ ಟ್ರಸ್ಟಿನದ್ದು. ಮೊದಲು ಅಲ್ಲಿ ಮುದಿ ಗೇರುಮರಗಳಿದ್ದವು. ಒಬ್ಬ ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕರು ಹಟ ಹಿಡಿದು ಈ ಕಡೆಯದೇ ಮರಗಳನ್ನು ಹುಡುಕಿ ತಂದು ನೆಟ್ಟರು. ಪುನರ್ಪುಳಿ, ಕುಂಟಾಲ, ರೆಂಜೆ, ಹೊನ್ನೆ, ಪಾಲೆ, ಕಾಸರಕ ಎಲ್ಲ ಇವೆ. ಊರವರು ಅವರನ್ನು ಮಾಷ್ಟ್ರು ಅಂತ ಕರೆಯುತ್ತಾರೆ, ಇಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ.

ಪಾರ್ಕಿಗೂ ಸಸ್ಯತೋಟಕ್ಕೂ ವ್ಯತ್ಯಾಸ ಏನು ಅಂತ ಯಾರಾದರೂ ಕೇಳಿದರೆ ಮಾಷ್ಟ್ರು ಒಂದು ಉದ್ದದ ಪುಸ್ತಕ ತೆಗೆದು ತೋರಿಸುತ್ತಿದ್ದರು. ಪ್ರತಿ ಗಿಡಕ್ಕೂ ಅದರಲ್ಲಿ ಒಂದು ನಂಬರ್. ಎಲ್ಲಿಂದ ಬಂತು, ಯಾವಾಗ, ಯಾರು ತಂದದ್ದು, ಬೀಜವೋ ಗೆಲ್ಲೋ (ಕೊಂಬೆಯೋ), ಗುರುತಿಸಿದ್ದು ಯಾರು. ಆ ನಂಬರ್ ಇರುವ ಒಂದು ತಗಡನ್ನು ಮರಕ್ಕೆ ಕಟ್ಟಬೇಕು. ತಗಡೂ ಪುಸ್ತಕವೂ ಹೊಂದಿಕೆಯಾದರೆ ಮಾತ್ರ ಅದು ಸಸ್ಯತೋಟ, ಇಲ್ಲದಿದ್ದರೆ ಬರೀ ನೆರಳು ಅಂತ ಅವರ ಮಾತು. ಈ ಮಾತು ಆಮೇಲೆ ಅವರಿಗೇ ಕಷ್ಟಕ್ಕೆ ಬಂತು.

ಇನ್ನೊಂದು ವಿಷಯ ಮೊದಲೇ ಹೇಳಬೇಕು. ಇಲ್ಲಿ ಕಳೆನಾಶಕ ಬಿಡುವ ಹಾಗಿಲ್ಲ. ಯಾಕೆ ಅಂತ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ನಿಲ್ಲಿಸಿತು. ಅದರ ನೋವು ಈಗಲೂ ಮನೆಮನೆಯಲ್ಲಿದೆ. ಹಾಗಾಗಿ ಬೆನ್ನಿಗೆ ಟ್ಯಾಂಕ್ ಕಟ್ಟಿಕೊಂಡು ಯಾರಾದರೂ ಗೇಟಿನೊಳಗೆ ಹೋದರೆ ಸಂಜೆಯೊಳಗೆ ಊರೆಲ್ಲ ಸುದ್ದಿ. ಕಳೆಯನ್ನು ಕೈಯಲ್ಲೇ ಕೀಳಬೇಕು. ಸಂಬಳಕ್ಕಿದ್ದವರು ಇಬ್ಬರೇ. ಸ್ವಯಂಸೇವಕರು ಬೇಕು ಅನ್ನುವ ಮಾತು ಹುಟ್ಟಿದ್ದೇ ಇಲ್ಲಿ, ಸೇವೆಯ ಆದರ್ಶವೆಲ್ಲ ಆಮೇಲೆ ಸೇರಿಕೊಂಡದ್ದು.

ಮೊದಲು ಮಾಡಿ ನೋಡಿದ್ದು

ಟ್ರಸ್ಟಿನವರು ಮೂರು ಕಾರ್ಯಕ್ರಮ ಹಾಕಿಕೊಂಡರು. ತಿಂಗಳಿಗೊಂದು ಉಪನ್ಯಾಸ, ತಿಂಗಳಿಗೊಂದು ಸಸ್ಯ ನಡಿಗೆ, ಒಂದು ಶ್ರಮದಾನ.

ಉಪನ್ಯಾಸ ಹೇಗಿರುತ್ತಿತ್ತು ಅಂದರೆ, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಸಭಾಂಗಣದಲ್ಲಿ. ಪ್ರಾರ್ಥನೆ, ಸ್ವಾಗತ, ದೀಪ, ಅಧ್ಯಕ್ಷರ ಮಾತು, ಮುಖ್ಯ ಅತಿಥಿಯ ಮಾತು, ಆಮೇಲೆ ಪ್ರೊಜೆಕ್ಟರ್ ಹಚ್ಚಿ ಪಶ್ಚಿಮ ಘಟ್ಟದ ಜೀವವೈವಿಧ್ಯ, ಕೊನೆಗೆ ಧನ್ಯವಾದ. ಕಿಟಕಿಯ ಹೊರಗೆ ಪುನರ್ಪುಳಿ ಹಣ್ಣು ಬಿಟ್ಟು ನಿಂತಿರುತ್ತಿತ್ತು, ಒಳಗೆ ಪರದೆಯ ಮೇಲೆ ಎಲ್ಲಿಯದೋ ಮಳೆಕಾಡಿನ ಚಿತ್ರ. ಮೊದಲ ಸಲ ಹಾಲ್ ತುಂಬಿತ್ತು. ಕೆಲವು ತಿಂಗಳಲ್ಲಿ ಸಮಿತಿಯವರು ಮತ್ತು ಅವರ ಮನೆಯವರು ಮಾತ್ರ ಉಳಿದರು.

ಜನ ಬರುವುದಿಲ್ಲ, ಆಸಕ್ತಿಯಿಲ್ಲ ಅಂತ ಸಮಿತಿಯಲ್ಲಿ ಬೇಸರ. ದೊಡ್ಡ ಬ್ಯಾನರ್ ಹಾಕಿದರು. ವಾಟ್ಸಾಪಿನಲ್ಲಿ ಪೋಸ್ಟರ್ ಬಿಟ್ಟರು. ಭಾಗವಹಿಸಿದವರಿಗೆ ಸರ್ಟಿಫಿಕೇಟ್ ಅಂದರು. ಸಜ್ಜಿಗೆ ಅವಲಕ್ಕಿ, ಚಾ ಇಟ್ಟರು. ಏನೂ ಆಗಲಿಲ್ಲ. ಹನ್ನೊಂದು ಗಂಟೆ ಅಂದರೆ ಇಲ್ಲಿ ಯಾರಿಗೂ ಆಗದ ಹೊತ್ತು ಅಂತ ಯಾರೂ ಯೋಚಿಸಿರಲಿಲ್ಲ. ಭಾನುವಾರ ಅಂದರೆ ಮದುವೆ, ಮನೆಒಕ್ಕಲು, ಉಪನಯನ. ಭೂತಕೋಲದ ಸೀಸನ್ನಿನಲ್ಲಿ ರಾತ್ರಿ ನಿದ್ದೆ ಬಿಟ್ಟವರು ಹಗಲು ಮಲಗುತ್ತಾರೆ.

ನಡಿಗೆಯ ಕತೆ ಇನ್ನೂ ತಮಾಷೆ. ಮಳೆ ಬಂದರೆ ನಡಿಗೆ ರದ್ದು ಅಂತ ನಿಯಮ. ಕೇಳಿದರೆ ಸರಿಯೇ ಅನ್ನಿಸುತ್ತದೆ. ಆದರೆ ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್ ಹೊತ್ತಿಗೆ, ಒಂದು ದಿನ ಬಿಸಿಲು ಬಿದ್ದರೆ ಅಡಿಕೆಯವರು ಎಲ್ಲಿರುತ್ತಾರೆ? ತೋಟದಲ್ಲಿ, ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುತ್ತಾ. ಜಡಿಮಳೆ ಹಿಡಿದ ದಿನವೇ ಅವರಿಗೆ ಬಿಡುವು. ಅಂದರೆ ಸಮಿತಿಯವರು ಜನ ಬರಬಹುದಾದ ದಿನ ಬಾಗಿಲು ಹಾಕಿ, ಯಾರೂ ಬರಲಾಗದ ದಿನ ಬಾಗಿಲು ತೆರೆದು ಕಾಯುತ್ತಿದ್ದರು. ಅದೂ ಅಲ್ಲದೆ ಮುರಕಲ್ಲಿನ ಪದವು ನೋಡಬೇಕಾದದ್ದೇ ಮಳೆಯಲ್ಲಿ. ಬೇಸಿಗೆಯಲ್ಲಿ ಅಲ್ಲಿ ಒಣಹುಲ್ಲು ಬಿಟ್ಟು ಏನಿದೆ?

ಶ್ರಮದಾನಕ್ಕೆ ಮಾತ್ರ ಜನ ಸಿಕ್ಕರು, ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳು. ಅವರಿಗೆ ಗಂಟೆಗಳ ಲೆಕ್ಕ ಬೇಕಿತ್ತು, ತೋಟಕ್ಕೆ ಕೈಗಳು ಬೇಕಿದ್ದವು. ಒಳ್ಳೆಯ ಮಕ್ಕಳು, ಬಹಳ ಹುರುಪಿನಿಂದ ಕೆಲಸ ಮಾಡಿದರು. ಸಮಸ್ಯೆ ಆದದ್ದು ಆ ಹುರುಪಿನಿಂದಲೇ. ಪಳ್ಳದ ಅಂಚನ್ನು ಕ್ಲೀನ್ ಮಾಡಿ ಅಂದದ್ದಕ್ಕೆ ಬೋಳಿಸಿಯೇ ಬಿಟ್ಟರು. ಬಿಳಿ ಗುಂಡಿಯಂಥ ಹೂ ಬಿಡುವ ಎರಿಯೋಕಾಲನ್, ಕೀಟ ಹಿಡಿದು ತಿನ್ನುವ ಪುಟಾಣಿ ಯುಟ್ರಿಕ್ಯುಲೇರಿಯಾ, ಅಂಟು ಕೂದಲಿನ ಡ್ರೊಸೆರಾ, ಎಲ್ಲ ಹುಲ್ಲಿನ ಜೊತೆ ಗೊಬ್ಬರದ ಗುಂಡಿಗೆ ಹೋದವು. ಮಾಷ್ಟ್ರು ಆ ದಿನ ಮಾತಾಡಲಿಲ್ಲ. ಹೇಳಿಕೊಡದೆ ಕತ್ತಿ ಕೊಟ್ಟವರು ಯಾರು ಅಂತ ಮರುದಿನ ಸಮಿತಿಯಲ್ಲಿ ಕೇಳಿದರಂತೆ.

ಅದೇ ಶ್ರಮದಾನದಲ್ಲಿ ಇನ್ನೊಂದು ಕೆಲಸವೂ ಆಗಿತ್ತು. ಅದು ಆಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತಗಡು

ಮಳೆಗೆ ತಂತಿ ತುಕ್ಕು ಹಿಡಿದು ಕೆಲವು ಮರಗಳ ತಗಡು ಕೆಳಗೆ ಬಿದ್ದಿದ್ದವು. ಮಕ್ಕಳು ಅವನ್ನು ಹೆಕ್ಕಿ, ಒರಸಿ, ಹೊಸ ತಂತಿ ಹಾಕಿ, ಹತ್ತಿರದ ಮರಕ್ಕೆ ಕಟ್ಟಿದರು. ಹಾಗೆ ಪಾಲೆಯ ತಗಡು ಹೋಗಿ ಪಕ್ಕದ ಕಾಸರಕದ ಮರಕ್ಕೆ ಬಿತ್ತು.

ತುಳುನಾಡಿನ ಹೊರಗಿನವರಿಗೆ ಇದರಲ್ಲಿ ಏನು ಅಂತ ಅನ್ನಿಸಬಹುದು. ಆಟಿ ಅಮಾವಾಸ್ಯೆಯ ಬೆಳಗ್ಗೆ ಇಲ್ಲಿ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುವ ಕ್ರಮ ಇದೆ. ಸೂರ್ಯ ಹುಟ್ಟುವ ಮೊದಲು, ಕತ್ತಲಲ್ಲಿ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಲ್ಲಿ ಗುದ್ದಿ ಕೆತ್ತೆ ತೆಗೆಯಬೇಕು. ಬೆಳ್ಳುಳ್ಳಿ, ಕರಿಮೆಣಸು, ಓಮ ಹಾಕಿ ಅರೆದು, ಬಿಸಿಮಾಡಿದ ಬೊಳ್ಳುಕಲ್ಲು (ಬಿಳಿಕಲ್ಲು) ಅದ್ದಿ, ಖಾಲಿ ಹೊಟ್ಟೆಯಲ್ಲಿ ಕುಡಿದು, ಮೇಲೆ ಮೆಂತೆ ಗಂಜಿ. ಪಾಲೆ ಅಂದರೆ ಏಳೆಲೆಯ ಮರ, ಸಪ್ತಪರ್ಣಿ, ಮಲಯಾಳಿಗಳ ಏಳಿಲಂಪಾಲ. ಕಾಸರಕ ಅಂದರೆ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಇರುವ ಮರ, ಬೀಜದಲ್ಲಿ ಮಾತ್ರ ಅಲ್ಲ, ಕೆತ್ತೆಯಲ್ಲೂ ಇದೆ. ಮೈಯೆಲ್ಲ ಸೆಳೆತ ಹಿಡಿದು ಉಸಿರು ಕಟ್ಟಿಸುವ ವಿಷ. ಕತ್ತಲಲ್ಲಿ ಮರ ತಪ್ಪಿ, ಕುಡಿದವರ ಜೀವ ಹೋದ ಸುದ್ದಿ ನಮ್ಮ ಕಡೆ ಪೇಪರಿನಲ್ಲಿ ಬಂದದ್ದುಂಟು. ಈ ಕಾಸರಕವನ್ನೇ ಜಿಲ್ಲಾ ಪಂಚಾಯತು ಈಚೆಗೆ ಜಿಲ್ಲೆಯ ಮರ ಅಂತ ಘೋಷಿಸಿದ್ದು. ಒಳ್ಳೆಯದೇ, ಆದರೆ ಗುರುತು ಹೇಳಿಕೊಡುವುದನ್ನೂ ಜೊತೆಗೆ ಮಾಡಬೇಕಲ್ವಾ.

ತಪ್ಪು ಹಿಡಿದದ್ದು ಪಕ್ಕದ ಮನೆಗಳಲ್ಲಿ ಅಡಿಕೆ ಸುಲಿಯಲು ಹೋಗುವ ಒಬ್ಬ ಅಕ್ಕ. ಅವರು ತೋಟಕ್ಕೆ ಬಂದದ್ದು ಕಾರ್ಯಕ್ರಮಕ್ಕಲ್ಲ, ಮೊಮ್ಮಗಳ ಶಾಲೆಯ ಯಾವುದೋ ಪ್ರಾಜೆಕ್ಟಿಗೆ ಎಲೆ ಬೇಕಿತ್ತು. ಮೊಮ್ಮಗಳು ತಗಡು ಓದಿ ಹೇಳಿದಳು. ಅಕ್ಕ ಮರ ನೋಡಿದರು, ಎಲೆ ಹಿಡಿದರು, ಸೀದಾ ಆಫೀಸಿಗೆ ಬಂದರು.

“ಉಂದು ಪಾಲೆ ಅತ್ತ್ ಮಾಷ್ಟ್ರೆ, ಉಂದು ಕಾಯೆರ್,” ಅಂದರು. ಇದು ಪಾಲೆ ಅಲ್ಲ, ಕಾಸರಕ ಅಂತ. ಅಮಾವಾಸ್ಯೆ ಹತ್ತಿರ ಬಂದಿತ್ತು.

ಮಾಷ್ಟ್ರು ಪುಸ್ತಕ ಹಿಡಿದು ಓಡಿದರು. ನಂಬರ್ ನೋಡಿದರೆ ಅಕ್ಕ ಹೇಳಿದ್ದು ಸರಿ. ತಗಡು ಆ ಕ್ಷಣವೇ ಬಿಚ್ಚಿದರು. ಮುಂದೆ ಏನು ಅನ್ನುವುದಕ್ಕೆ ಅದೇ ಸಂಜೆ ಸಮಿತಿ ಕೂತಿತು. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಆ ಮೀಟಿಂಗು.

ಒಬ್ಬರು, ತಗಡು ಬದಲಿಸಿಯಾಯಿತಲ್ಲ, ಸುಮ್ನೆ ಯಾಕೆ ಊರಿಗೆಲ್ಲ ಹೇಳುವುದು, ತೋಟದ ಮಾನ ಹೋಗುತ್ತದೆ ಅಂದರು. ಟ್ರಸ್ಟಿನ ಕಡೆಯವರೊಬ್ಬರು ಇನ್ನೂ ಮುಂದೆ ಹೋಗಿ, ಆಟಿ ಮುಗಿಯುವವರೆಗೆ ಗೇಟು ಹಾಕಿಬಿಡೋಣ, ನಡಿಗೆ, ಶ್ರಮದಾನ ಎಲ್ಲ ನಿಲ್ಲಿಸೋಣ, ಏನಾದರೂ ಆದರೆ ಕೇಸಿಗೆ ಓಡಾಡುವವರು ಯಾರು ಅಂದರು. ಅವರ ಹೆದರಿಕೆ ಸುಳ್ಳಲ್ಲ. ಮಾಷ್ಟ್ರು ಬಾಗಿಲು ತೆರೆದೇ ಮಾತಾಡಬೇಕು ಅನ್ನುತ್ತಿದ್ದರು, ಆದರೆ ಯಾಕೆ ಅಂತ ಅವರಿಗೆ ಸರಿಯಾಗಿ ಹೇಳಲಾಗುತ್ತಿರಲಿಲ್ಲ. ಅಕ್ಕನನ್ನೂ ಕೂರಿಸಿಕೊಂಡಿದ್ದರು. ಅಷ್ಟು ಹೊತ್ತು ಸುಮ್ಮನಿದ್ದ ಅವರು ಕೇಳಿದ್ದು ಒಂದೇ ಪ್ರಶ್ನೆ: ಈ ತಗಡು ಎಷ್ಟು ದಿನದಿಂದ ಅಲ್ಲಿ ಇತ್ತು, ಅಷ್ಟು ದಿನದಲ್ಲಿ ಅದರ ಫೋಟೋ ತೆಗೆದವರು ಎಷ್ಟು ಜನ?

ಉತ್ತರ ಯಾರಲ್ಲೂ ಇರಲಿಲ್ಲ. ಕಾಸರಕದ ಎಲೆ, ಅದರ ಮೇಲೆ ಪಾಲೆ ಅನ್ನುವ ಹೆಸರು, ಪಕ್ಕದಲ್ಲಿ ತೋಟದ ಮುದ್ರೆ, ಅಂಥ ಫೋಟೋ ಯಾವುದೋ ಫೋನಿನಲ್ಲಿ ಇರಬಹುದು, ಅಮಾವಾಸ್ಯೆಯ ಮುಂಚಿನ ದಿನ ಯಾವುದೋ ಕುಟುಂಬದ ಗ್ರೂಪಿಗೆ ಹೋಗಬಹುದು. ಮರದಿಂದ ಬಿಚ್ಚಿದ ಹಾಗೆ ಅದನ್ನು ಫೋನಿನಿಂದ ಬಿಚ್ಚಲು ಆಗುತ್ತದೆಯೇ? ಮುಚ್ಚಿಡುವ ಮಾತು ಅಲ್ಲಿಗೆ ನಿಂತಿತು.

ಆ ಭಾನುವಾರ

ಅಮಾವಾಸ್ಯೆಯ ಮೊದಲಿನ ಭಾನುವಾರ ನಡಿಗೆ ಅಂತ ತೀರ್ಮಾನ ಆಯಿತು. ಮಳೆ ಬಂದರೂ ಸರಿ. ಭಾಷಣ ಇಲ್ಲ, ಅತಿಥಿ ಇಲ್ಲ. ನೋಟೀಸಿನಲ್ಲಿ ಬರೆದದ್ದು ನಾಲ್ಕೇ ವಿಷಯ: ನಮ್ಮ ತೋಟದಲ್ಲಿ ಪಾಲೆಯ ತಗಡು ತಪ್ಪಾಗಿ ಕಾಸರಕಕ್ಕೆ ಕಟ್ಟಿತ್ತು, ಫೋಟೋ ತೆಗೆದಿದ್ದರೆ ಅಳಿಸಿ, ಎರಡೂ ಮರ ನೋಡಲು ಬನ್ನಿ, ನೀವು ಕೆತ್ತೆ ತೆಗೆಯುವ ಮರದ ಒಂದು ಗೆಲ್ಲು ತನ್ನಿ. ಕನ್ನಡದಲ್ಲಿ ಮತ್ತು ಮಲಯಾಳದಲ್ಲಿ. ಹಾಲಿನ ಸೊಸೈಟಿ, ರೇಶನ್ ಅಂಗಡಿ, ಭಜನಾ ಮಂದಿರ, ಮಸೀದಿಯ ಎದುರಿನ ಚಾ ಅಂಗಡಿ, ಎಲ್ಲ ಕಡೆ ಅಂಟಿಸಿದರು.

ನಡುವೆ ಒಂದು ಜಗಳ ಆಯಿತು. ಒಬ್ಬ ನಾಟಿ ಔಷಧಿ ಕೊಡುವವರು, ಹೇಗೂ ಜನ ಸೇರುತ್ತಾರೆ, ಶುದ್ಧ ಪಾಲೆಯ ಕಷಾಯ ತೋಟದಿಂದಲೇ ಹಂಚೋಣ ಅಂದರು. ಕೇಳಲಿಕ್ಕೆ ಚೆನ್ನಾಗಿತ್ತು, ಸಮಿತಿಯ ಅರ್ಧ ಜನ ಒಪ್ಪಿಯೂ ಬಿಟ್ಟಿದ್ದರು. ಮಾಷ್ಟ್ರು ಬೇಡ ಅಂದರು. ತೋಟದ ಕೆಲಸ ಇದು ಯಾವ ಮರ ಅಂತ ಹೇಳುವುದು, ಎಷ್ಟು ಕುಡಿಯಬೇಕು ಅಂತ ಹೇಳುವುದಲ್ಲ ಅಂತ ಅವರ ವಾದ. ಇವತ್ತು ಕಷಾಯ ಹಂಚಿದರೆ ನಾಳೆ ಸಕ್ಕರೆ ಕಾಯಿಲೆಗೆ ಮಧುನಾಶಿನಿ ಎಷ್ಟು ಎಲೆ ಅಂತ ಕೇಳುತ್ತಾರೆ, ಮಾತ್ರೆ ಬಿಟ್ಟುಬಿಡಲಾ ಅಂತಲೂ ಕೇಳುತ್ತಾರೆ. ಕೊನೆಗೆ ಅವರ ಮಾತೇ ನಡೆಯಿತು. ಆ ನಾಟಿ ಔಷಧಿಯವರು ಸಿಟ್ಟಾಗಿ ಕೆಲವು ಕಾಲ ಬರಲಿಲ್ಲ, ಆಮೇಲೆ ಬಂದರು.

ಭಾನುವಾರ ಮಳೆ ಅಂದರೆ ಮಳೆ. ಸಮಿತಿಯವರು ಸಭಾಂಗಣದ ಬಾಗಿಲಲ್ಲಿ ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು. ಕೊಡೆ, ಪ್ಲಾಸ್ಟಿಕ್ ಕೊಪ್ಪೆ, ಅಡಿಕೆ ಹಾಳೆಯ ಟೋಪಿ ಮುಟ್ಟಾಳೆಯ ಮೇಲೆ ಪ್ಲಾಸ್ಟಿಕ್ ತೊಟ್ಟೆ, ಹೀಗೆ ಜನ ಬರಲು ಶುರು. ಅಂಗಳ ತುಂಬಿತು. ಮದ್ದು ಬಿಡಲಾಗದ ದಿನ, ಬೇರೆ ಎಲ್ಲಿಗೆ ಹೋಗುತ್ತಾರೆ ಹೇಳಿ.

ಮಾಷ್ಟ್ರು ಹೆಚ್ಚು ಮಾತಾಡಲಿಲ್ಲ. ಎರಡೂ ಮರದ ಗೆಲ್ಲು ಪಕ್ಕಪಕ್ಕ ಇಟ್ಟು ಅಕ್ಕನಿಗೆ ಹೇಳಿ ಅಂದರು. ಅಕ್ಕ ಹೇಳುವುದು ತುಳುವಿನಲ್ಲಿ, ಮಾಷ್ಟ್ರು ನಡುನಡುವೆ ಒಂದು ವಾಕ್ಯ ಸೇರಿಸುವುದು. ಪಾಲೆಯ ಎಲೆ ಗೆಲ್ಲಿನ ಒಂದೇ ಗಂಟಿನಲ್ಲಿ ಸುತ್ತಲೂ ಹೊರಡುತ್ತದೆ, ಸಾಮಾನ್ಯವಾಗಿ ಏಳು, ಕೆಲವು ಸಲ ಕಡಿಮೆ ಜಾಸ್ತಿ. ಎಲೆಯ ತುದಿ ಉರುಟು. ನಡುನರದಿಂದ ಒತ್ತೊತ್ತಾಗಿ ಅಡ್ಡನರಗಳು. ಮುರಿದರೆ ಬಿಳಿ ಹಾಲು. ಕಾಸರಕದ ಎಲೆ ಎದುರುಬದುರು ಎರಡೆರಡೇ. ಹೊಳಪು ಜಾಸ್ತಿ. ಬುಡದಿಂದಲೇ ಮೂರೋ ಐದೋ ದಪ್ಪ ನರ ಮೇಲಕ್ಕೆ ಹೋಗುತ್ತದೆ. ಹಾಲು ಇಲ್ಲ. ಕಾಯಿ ಹಣ್ಣಾದರೆ ಕಿತ್ತಳೆಯ ಹಾಗೆ ಚಂದ ಕಾಣುತ್ತದೆ, ಒಳಗೆ ಬಿಲ್ಲೆಯಂಥ ಬೀಜ. ಹಾಲು ಬಂತು ಅಂತ ಅಷ್ಟಕ್ಕೇ ಪಾಲೆ ಅನ್ನಬೇಡಿ, ಹಾಲು ಬರುವ ಮರ ಬೇರೆಯೂ ಇವೆ ಅಂತ ಮಾಷ್ಟ್ರು ಎರಡು ಸಲ ಹೇಳಿದರು. ನೆಕ್ಕಿ ನೋಡಿ ಗುರುತು ಹಿಡಿಯುತ್ತೇನೆ ಅನ್ನುವವರಿಗೆ ಅಕ್ಕ ಬೈದೇ ಬಿಟ್ಟರು. ಎರಡೂ ಕಹಿಯೇ, ಕಹಿಯಲ್ಲಿ ಏನು ಗೊತ್ತಾಗುತ್ತದೆ?

ಆಮೇಲೆ ಜನ ತಂದ ಗೆಲ್ಲು ಮೇಜಿನ ಮೇಲೆ ಇಟ್ಟರು. ಒಂದೊಂದಾಗಿ ನೋಡುತ್ತಾ ಹೋದರು. ಎಲ್ಲ ಪಾಲೆ, ಪಾಲೆ, ಪಾಲೆ. ಒಬ್ಬರು ತಂದದ್ದು ಮಾತ್ರ ಎದುರುಬದುರು ಎಲೆ, ಬುಡದಿಂದ ನರ. ಮೇಜಿನ ಸುತ್ತ ಮಾತು ನಿಂತಿತು. ಅವರ ಮನೆಗೆ ಪ್ರತಿ ವರ್ಷ ಕೆತ್ತೆ ಪಕ್ಕದ ಮನೆಯಿಂದ ಬರುತ್ತಿತ್ತು. ಪಕ್ಕದವರು ಮಗನ ಜೊತೆ ಗಲ್ಫಿಗೆ ಹೋಗಿದ್ದರು. ಈ ಸಲ ತಾವೇ ತೆಗೆಯೋಣ ಅಂತ, ಅಪ್ಪ ತೋರಿಸಿದ್ದ ಗಡಿಯ ಮರದ ಗೆಲ್ಲು ತಂದಿದ್ದರು. ಅಪ್ಪ ತೋರಿಸಿದ ಪಾಲೆ ಯಾವಾಗಲೋ ಬಿದ್ದುಹೋಗಿ, ಅದೇ ಜಾಗದಲ್ಲಿ ಬೇರೆ ಮರ ಎದ್ದಿತ್ತು.

ಶಾಸ್ತ್ರದಂತೆ ಕತ್ತಲಲ್ಲೇ ತೆಗೆಯಬೇಕು ಅನ್ನುವವರಿಗೆ ಏನು ಹೇಳುವುದು ಅನ್ನುವ ಪ್ರಶ್ನೆ ಬಂತು. ಬೆಳಕಿನಲ್ಲಿ ತೆಗೆಯಿರಿ ಅಂದರೆ ಅರ್ಧ ಜನ ಕೇಳುವುದಿಲ್ಲ. ಅಕ್ಕನೇ ದಾರಿ ಹೇಳಿದರು. ಹಿಂದಿನ ದಿನ ಹಗಲಲ್ಲೇ ಮರ ನೋಡಿ, ಗೊತ್ತಿರುವ ಇನ್ನೊಬ್ಬರಿಗೂ ತೋರಿಸಿ, ಬಾಳೆನಾರು ಕಟ್ಟಿ ಬನ್ನಿ. ಕತ್ತಲಲ್ಲಿ ನಾರು ಕೈಗೆ ಸಿಕ್ಕಿದರೆ ಮಾತ್ರ ಕಲ್ಲೆತ್ತಿ. ಶಾಸ್ತ್ರವೂ ಉಳಿಯಿತು, ಜೀವವೂ.

ಮೇಜು ಉಳಿಯಿತು

ಆ ದಿನದ ಮೇಜನ್ನು ಯಾರೂ ಎತ್ತಿಡಲಿಲ್ಲ ಅಂದರೂ ಸರಿ. ಮುಂದಿನ ಭಾನುವಾರ ಯಾರೋ ಬೇರೆ ಸೊಪ್ಪು ತಂದರು, ಇದು ಯಾವುದು ಅಂತ. ಅಲ್ಲಿಂದ ನಡಿಗೆಯ ರೂಪವೇ ಬದಲಾಯಿತು. ಮೊದಲು ಮೇಜು, ಜನ ತಂದದ್ದನ್ನು ನೋಡುವುದು, ಆಮೇಲೆ ಅದಕ್ಕೆ ಹೊಂದುವ ಗಿಡ ತೋಟದಲ್ಲಿ ಎಲ್ಲಿದೆ ಅಂತ ಹುಡುಕುತ್ತಾ ನಡೆಯುವುದು. ಉಪನ್ಯಾಸ ಯಾರೂ ನಿಲ್ಲಿಸಲಿಲ್ಲ, ತಾನಾಗಿಯೇ ನಿಂತಿತು. ಹೇಳುವವರನ್ನು ಹೊರಗಿಂದ ಕರೆಸುವ ಅಗತ್ಯ ಕಡಿಮೆಯಾಯಿತು, ಯಾಕೆಂದರೆ ಊರಲ್ಲಿ ಹೇಳುವವರು ತುಂಬಾ ಇದ್ದರು, ಅವರನ್ನು ಇಷ್ಟು ಕಾಲ ಕೇಳುವವರ ಕುರ್ಚಿಯಲ್ಲಿ ಕೂರಿಸಲು ನೋಡಿದ್ದೇ ಎಡವಟ್ಟು ಅಂತ ನನಗನ್ನಿಸುತ್ತದೆ.

ತುಳುವರ ಆಟಿ ಅಂದರೆ ಮಲಯಾಳಿಗಳಿಗೆ ಕರ್ಕಿಡಕ. ಅವರಿಗೂ ಅದು ಔಷಧಿ ಗಂಜಿಯ ತಿಂಗಳು, ದಶಪುಷ್ಪ ಅನ್ನುವ ಹತ್ತು ಔಷಧಿ ಗಿಡ ಹುಡುಕುವ ತಿಂಗಳು. ಕೇರಳದ ಮಹಿಳಾ ಸ್ವಸಹಾಯ ಸಂಘ ಕುಟುಂಬಶ್ರೀಯ ಹೆಂಗಸರು ಕೆಲವರು ಬಂದು ಗರುಗ, ವಿಷ್ಣುಕ್ರಾಂತಿ, ಮುಕ್ಕುಟ್ಟಿ, ಚೆರೂಳ ಎಲ್ಲಿ ಅಂತ ಕೇಳಿದರು. ಮಾಷ್ಟ್ರಿಗೆ ನಗು ಬಂತು. ಕಳೆ ಅಂತ ತೋಟದವರು ಪ್ರತಿವಾರ ಕೀಳುತ್ತಿದ್ದದ್ದು ಅದನ್ನೇ. ಕಳೆ ಕೀಳುವ ಕೆಲಸಕ್ಕೆ ಆ ಹೆಂಗಸರಿಗಿಂತ ಒಳ್ಳೆಯ ಸ್ವಯಂಸೇವಕರು ಬೇಕಾ? ಏನು ಉಳಿಸಬೇಕು ಅಂತ ಗೊತ್ತಿರುವವರೇ ಕೀಳಬೇಕು. ತೋಟದ ಎರಡು ಪಟ್ಟೆ (ತುಂಡು ಜಾಗ) ಅವರ ವಶಕ್ಕೆ ಹೋಯಿತು.

ಸ್ವಯಂಸೇವೆಯ ನಿಯಮಗಳೂ ಬದಲಾದವು. ಶ್ರಮದಾನದ ದಿನ ಅಂತ ಗುಂಪು ನುಗ್ಗಿಸುವುದು ಬಂದ್. ಬರುವವರಿಗೆ ಒಂದು ಪಟ್ಟೆಯೋ ಒಂದು ಮರವೋ ಕೊಟ್ಟು, ಅದು ನಿಮ್ಮದು ಅನ್ನುವುದು. ಕಾಲೇಜು ಮಕ್ಕಳು ಬಂದರೆ ಮೊದಲ ದಿನ ಕೈಗೆ ಕತ್ತಿ ಕೊಡುವುದಿಲ್ಲ, ಪಟ್ಟೆಯ ಹಳಬರ ಜೊತೆ ಕೂರಬೇಕು. ಪಳ್ಳದ ಸುತ್ತ ಹಗ್ಗ ಬಂತು, ಮಾಷ್ಟ್ರು ಅಥವಾ ಅವರು ಹೇಳಿದವರಲ್ಲದೆ ಯಾರೂ ಅಲ್ಲಿ ಏನೂ ಕೀಳುವಂತಿಲ್ಲ. ಮುಖ್ಯವಾಗಿ, ತಗಡು. ಬಿದ್ದ ತಗಡು ಸಿಕ್ಕರೆ ಆಫೀಸಿನ ಡಬ್ಬಿಗೆ ಹಾಕಬೇಕು. ಕಟ್ಟುವಾಗ ಇಬ್ಬರು ಇರಬೇಕು, ಒಬ್ಬರು ಪುಸ್ತಕ ಓದುವುದು, ಇನ್ನೊಬ್ಬರು ಎಲೆ ನೋಡಿ ಹೇಳುವುದು. ಸಂಶಯ ಇದ್ದರೆ ಹಳದಿ ದಾರ ಕಟ್ಟಿ ಬಿಡುವುದು. ತಗಡಿಲ್ಲದ ಮರ ಇರಬಹುದು, ತಪ್ಪು ತಗಡಿನ ಮರ ಇರಬಾರದು.

ಊರವರ ಜ್ಞಾನ ಅಂತ ಹೇಳಿದ್ದನ್ನೆಲ್ಲ ಬರೆದುಕೊಂಡರು ಅಂತಲೂ ಅಂದುಕೊಳ್ಳಬೇಡಿ. ಅಕ್ಕ ಹೇಳಿದ್ದು ಕೂಡ ಪುಸ್ತಕದ ನಂಬರ್ ಜೊತೆ ತಾಳೆ ನೋಡಿಯೇ ಒಪ್ಪಿದ್ದು. ಅಪ್ಪ ತೋರಿಸಿದ ಮರ ಅಂದವರೂ ಊರಿನವರೇ ಅಲ್ವಾ? ಯಾರು ಹೇಳಿದರೂ ಗೆಲ್ಲು ಮೇಜಿನ ಮೇಲೆ ಬರಬೇಕು, ಅಷ್ಟೇ. ಪೇಪರಿನ ನಡುವೆ ಒತ್ತಿ ಒಣಗಿಸಿದ ಗೆಲ್ಲುಗಳನ್ನು ಹಾಳೆಗೆ ಅಂಟಿಸಿ ಇಡುವ ಕೆಲಸ ಇಬ್ಬರು ನಿವೃತ್ತ ಟೀಚರುಗಳು ವಹಿಸಿಕೊಂಡರು. ಮಳೆಗಾಲದಲ್ಲಿ ಬೂಸ್ಟು ಹಿಡಿಯದ ಹಾಗೆ ಒಣಗಿಸುವುದೇ ಅವರ ದೊಡ್ಡ ಸಾಹಸ.

ಭಾಷೆಯ ಜಗಳ ಬರದೆ ಇರುತ್ತದಾ, ಕಾಸರಗೋಡಲ್ಲವೇ. ಹೊಸ ತಗಡಿನಲ್ಲಿ ಕನ್ನಡ ಮೇಲೋ ಮಲಯಾಳ ಮೇಲೋ ಅಂತ ಶುರುವಾಯಿತು. ಮಾಷ್ಟ್ರು ಹಳೆಯ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥದ ಎರಡು ಚಿತ್ರ ಪ್ರಿಂಟ್ ತೆಗೆಸಿ ಗೋಡೆಗೆ ಹಾಕಿದರು. ಡಚ್ಚರ ಗವರ್ನರ್ ವಾನ್ ರೀಡ್ ಮಾಡಿಸಿದ್ದು, ಹನ್ನೆರಡು ಸಂಪುಟ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದದ್ದು. ಪಾಲೆ, ಕಾಸರಕ ಎರಡೂ ಅದರ ಮೊದಲ ಸಂಪುಟದಲ್ಲೇ ಇವೆ. ಅದರ ಚಿತ್ರಗಳಲ್ಲಿ ಗಿಡದ ಹೆಸರು ರೋಮನ್, ಮಲಯಾಳ, ಅರಬ್ಬಿ, ನಾಗರಿ ಲಿಪಿಗಳಲ್ಲಿ ಒಟ್ಟಿಗೇ ಇದೆ. ಅಷ್ಟು ಹಿಂದೆಯೇ ಆದದ್ದು ಈಗ ಯಾಕಾಗಬಾರದು ಅಂತ ಕೇಳಿದರು. ಜಗಳ ಅದರಿಂದ ಪೂರ್ತಿ ನಿಂತಿತು ಅಂದರೆ ಸುಳ್ಳಾಗುತ್ತದೆ. ಒಂದು ಮರಕ್ಕೆ ಕನ್ನಡ ಮೇಲೆ, ಮುಂದಿನ ಮರಕ್ಕೆ ಮಲಯಾಳ ಮೇಲೆ ಅಂತ ಒಪ್ಪಂದ ಆದ ಮೇಲೆ ನಿಂತಿತು. ತುಳು ಹೆಸರು ಎಲ್ಲದರಲ್ಲೂ ಇದೆ, ಕನ್ನಡ ಲಿಪಿಯಲ್ಲಿ.

ಜನ ಬಂದ ಮೇಲಿನ ತಲೆನೋವು

ಜನ ಬಂದ ಮೇಲೆ ಗಿಡ ಹೋಗಲು ಶುರುವಾಯಿತು. ಒಂದು ಹಲಸಿನ ಮರದ ಮೇಲಿದ್ದ ಸೀತಾಳೆ ದಂಡೆ ಅನ್ನುವ ಆರ್ಕಿಡ್, ಹೂ ಬಿಟ್ಟದ್ದನ್ನು ನಡಿಗೆಯಲ್ಲಿ ತೋರಿಸಿದ್ದೇ ತೋರಿಸಿದ್ದು, ಮುಂದಿನ ವಾರ ಅಲ್ಲಿ ತೊಗಟೆಯ ಗಾಯ ಮಾತ್ರ ಇತ್ತು. ಯಾರು ಅಂತ ಹುಡುಕುವುದು ಬೇಡ, ಹುಡುಕಿದರೆ ಬರುವವರೆಲ್ಲರ ಮೇಲೂ ಸಂಶಯ ಬೀಳುತ್ತದೆ ಅಂತ ಸಮಿತಿ ನಿರ್ಧ‍ರಿಸಿತು. ಬದಲಿಗೆ ಎರಡು ಕೆಲಸ ಮಾಡಿದರು. ಜನರಿಗೆ ಆಸೆ ಇರುವ ಗಿಡಗಳ ಸಸಿ ಮಾಡಿ ಗೇಟಿನಲ್ಲೇ ಕೊಡುವುದು, ಪುನರ್ಪುಳಿ, ಕುಂಟಾಲ, ರೆಂಜೆ ಹೀಗೆ. ಇನ್ನೊಂದು, ಕೆಲವು ಗಿಡಗಳನ್ನು ನಡಿಗೆಯಲ್ಲಿ ತೋರಿಸದೇ ಇರುವುದು. ಜಿಲ್ಲೆಯ ಹೂ ಅಂತ ಘೋಷಣೆಯಾದ ಪೆರಿಯ ಪೊಲತಾಳಿ ಇದೆಯಲ್ಲ, ನೀರಿನಲ್ಲಿ ಬೆಳೆಯುವ ಕ್ರೈನಮ್, ವಿಜ್ಞಾನಕ್ಕೆ ಹೊಸದು ಅಂತ 2012ರಲ್ಲಷ್ಟೇ ಅದನ್ನು ವಿವರಿಸಿದ್ದು. ಅಂಥದ್ದು ಎಲ್ಲಿ ಬೆಳೆಯುತ್ತದೆ ಅಂತ ಯಾರಾದರೂ ಕೇಳಿದರೆ ಚಿತ್ರ ತೋರಿಸುತ್ತಾರೆ, ಜಾಗ ಹೇಳುವುದಿಲ್ಲ. ಫೋಟೋ ಹಾಕುವಾಗ ಲೊಕೇಶನ್ ಹಾಕಬೇಡಿ ಅಂತ ಪ್ರತಿ ನಡಿಗೆಯಲ್ಲೂ ಹೇಳುತ್ತಾರೆ. ಕೆಲವರು ಕೇಳುತ್ತಾರೆ, ಕೆಲವರು ಕೇಳುವುದಿಲ್ಲ.

ಸೋತದ್ದೂ ಇದೆ. ಯಾವ ಮರ ಯಾವಾಗ ಚಿಗುರಿತು, ಹೂ ಬಿಟ್ಟಿತು ಅಂತ ಬರೆಯಲು ಒಂದು ಪುಸ್ತಕ ಇಟ್ಟರು. ಸೀಸನ್‌ವಾಚ್‌ನವರು ಶಾಲೆಗಳಲ್ಲಿ ಮಾಡಿಸುವ ಕೆಲಸದ ಹಾಗೆಯೇ. ಗೇಟಿನ ಹತ್ತಿರದ ಮಾವು, ಹಲಸು, ನೇರಳೆಯ ಪುಟ ತುಂಬಿವೆ. ಇಳಿಜಾರಿನ ಕೊನೆಯ ಮರಗಳ ಪುಟ ಖಾಲಿ. ಹಣ್ಣು ತಿನ್ನಲು ಸಿಗುವ ಮರವನ್ನು ಜನ ನೋಡುತ್ತಾರೆ, ಉಳಿದದ್ದನ್ನು ನೋಡಿಸಲು ಇನ್ನೂ ಉಪಾಯ ಸಿಕ್ಕಿಲ್ಲ. ಮಾಗಿ ಶುರುವಾದ ಮೇಲೆ ನಡಿಗೆಗೆ ಬರುವವರು ಕಡಿಮೆ. ಅಡಿಕೆ ಕೊಯ್ಲು, ಜಾತ್ರೆ, ಕೋಲ. ಆ ತಿಂಗಳುಗಳಲ್ಲಿ ಜನ ಬರಲಿಲ್ಲ ಅಂತ ಈಗ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಆಗ ತಗಡು ಬರೆಯುವುದು, ಬೀಜ ಒಣಗಿಸುವುದು ಮಾಡುತ್ತಾರೆ.

ಬೇರೆ ತೋಟದವರು ಬಂದು ನಿಮ್ಮ ಮಾಡೆಲ್ ಏನು ಅಂತ ಕೇಳುವುದುಂಟು. ಮೇಜು ಇಟ್ಟರೆ ಸಾಕು ಅಂತ ಅವರಿಗೆ ಅನ್ನಿಸುತ್ತದೆ. ಮೇಜಿಗಿಂತ ಮೊದಲು ನೋಟೀಸು ಇತ್ತು. ತಪ್ಪಾಗಿದೆ ಅಂತ ಬರೆದ ನೋಟೀಸು ಹೋಗದಿದ್ದರೆ ಆ ಮಳೆಯಲ್ಲಿ ಅಷ್ಟು ಗೆಲ್ಲು ಬರುತ್ತಿರಲಿಲ್ಲ ಅಂತ ನನ್ನ ಅಂದಾಜು. ತೋಟಕ್ಕೂ ತಪ್ಪಾಗುತ್ತದೆ ಅಂತ ಗೊತ್ತಾದ ಮೇಲೆಯೇ ಜನರಿಗೆ ತಮ್ಮ ಸಂಶಯ ತಂದು ತೋರಿಸಲು ಧೈರ್ಯ ಬಂದದ್ದು. ಗಡಿಯ ಮರದ ಗೆಲ್ಲು ತಂದವರು ಇದನ್ನು ಬಾಯಿಬಿಟ್ಟೇ ಹೇಳಿದರು, ತಪ್ಪಿದರೆ ನಗುತ್ತಾರೇನೋ ಅಂತ ಇತ್ತು, ನಿಮ್ಮದೇ ತಪ್ಪಿದೆಯಲ್ಲ, ಅದಕ್ಕೆ ತಂದೆ ಅಂತ.

ಈಗ ಸಮಿತಿಯ ಎದುರು ಇರುವ ವಿಷಯ ಬೇರೆ. ಮಾಷ್ಟ್ರಿಗೆ ಇಳಿಜಾರು ಹತ್ತಿ ಇಳಿಯುವುದು ಕಷ್ಟವಾಗುತ್ತಿದೆ, ಪುಸ್ತಕ ಯಾರ ಕೈಗೆ ಅಂತ ತೀರ್ಮಾನ ಆಗಿಲ್ಲ. ಸಸ್ಯಶಾಸ್ತ್ರ ಓದಿದ ಒಬ್ಬ ಹುಡುಗಿ ಇದ್ದಾಳೆ, ಆದರೆ ಅವಳಿಗೆ ಕಣ್ಣೂರಿನಲ್ಲಿ ಕೆಲಸ, ಭಾನುವಾರ ಮಾತ್ರ ಬರಬಹುದು. ಪಕ್ಕದ ಪಂಚಾಯತಿನ ಒಂದು ಶಾಲೆಯವರು ಆಟಿಯ ಮೇಜು ನಮ್ಮಲ್ಲೂ ಹಾಕಿ ಅಂತ ಕೇಳಿದ್ದಾರೆ. ಸಮಿತಿ ಒಪ್ಪಿದೆ, ಒಂದು ಷರತ್ತಿನ ಮೇಲೆ: ಅಲ್ಲಿ ಕೂರುವ ಇಬ್ಬರು ಮೊದಲು ಒಂದು ಮಳೆಗಾಲ ಪೂರ್ತಿ ಈ ಮೇಜಿನಲ್ಲಿ ಕೂತಿರಬೇಕು. ಶಾಲೆಯವರು ಇಬ್ಬರ ಹೆಸರು ಕೊಟ್ಟಿದ್ದಾರೆ. ಒಬ್ಬರು ಟೀಚರು, ಇನ್ನೊಬ್ಬರು ಅಲ್ಲಿ ಗಂಜಿ ಬೇಯಿಸುವ ಅಕ್ಕ.